ಡಿಎಕ್ಸ್ ಅಂದರೆ ಏನು ಸಾರ್? ಫಿಸಿಕ್ಸ್ ಓದುವವರಿಗೆ ಡಿಫರೆನ್ಷಿಯಲ್ ಹೇಳಿಕೊಡುವ ಬಗೆ

ಮೊದಲು ಕ್ಲಾಸಿನಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಬೋರ್ಡಿನ ಮೇಲೆ ಒಂದು ಸ್ಪ್ರಿಂಗ್ ಬರೆಯಿರಿ. ಕೆಲಸ ಅಂದರೆ ಬಲ ಗುಣಿಸು ದೂರ, ಇದು ಎಲ್ಲರಿಗೂ ಗೊತ್ತು. ಹಾಗಾದರೆ ಡಿಡಬ್ಲ್ಯೂ, ಅಂದರೆ ಸ್ಪ್ರಿಂಗನ್ನು ಇನ್ನೊಂಚೂರು ಎಳೆಯಲು ಬೇಕಾದ ಕೆಲಸ, ಎಷ್ಟು ಅಂತ ಕೇಳಿ. ಹೆಚ್ಚಿನವರು ಬಾಯಿಪಾಠದ ಉತ್ತರ ಕೊಡುತ್ತಾರೆ: ಎಫ್ ಡಿಎಕ್ಸ್. ಆದರೆ ಗಣಿತದಲ್ಲಿ ಚುರುಕಾಗಿರುವ ಒಬ್ಬರು ಕೈ ಎತ್ತುತ್ತಾರೆ. "ಡಬ್ಲ್ಯೂ ಅಂದರೆ ಎಫ್ ಗುಣಿಸು ಎಕ್ಸ್ ಅಲ್ವಾ ಸಾರ್, ಗುಣಲಬ್ಧದ ಬದಲಾವಣೆಗೆ ಇರುವ ಪ್ರಾಡಕ್ಟ್ ರೂಲ್ ಹಾಕಿದರೆ ಎಫ್ ಡಿಎಕ್ಸ್ ಜೊತೆಗೆ ಎಕ್ಸ್ ಡಿಎಫ್ ಕೂಡ ಬರಬೇಕಲ್ಲ, ಅದೆಲ್ಲಿ ಹೋಯಿತು?"

ಈ ಪ್ರಶ್ನೆ ನನಗೆ ಮೊದಲ ಸಲ ಬಂದಾಗ "ಇಲ್ಲಿ ಹಾಗೆ ಬರೆಯುವುದಿಲ್ಲ" ಅಂದು ಜಾರಿಕೊಂಡೆ. ಕೇಳಿದ ಹುಡುಗ ಸುಮ್ನೆ ಕೂತ. ಅವನಿಗೆ ಉತ್ತರ ಸಿಗಲಿಲ್ಲ ಅನ್ನುವುದಕ್ಕಿಂತ, ಫಿಸಿಕ್ಸ್ ಅಂದರೆ ಗಣಿತದ ನಿಯಮಗಳನ್ನು ಬೇಕಾದಾಗ ಮುರಿಯುವ ಆಟ ಅನ್ನುವ ಪಾಠ ಸಿಕ್ಕಿತು. ಅದು ನನ್ನ ತಪ್ಪು. ಈ ಬರಹ ಆ ತಪ್ಪನ್ನು ನೀವು ಮಾಡದಿರಲಿ ಅಂತ.

ಅವರ ಕಷ್ಟ ಎಲ್ಲಿಂದ ಬರುತ್ತದೆ ನೋಡಿ. ಗಣಿತದ ಕ್ಲಾಸಿನಲ್ಲಿ "ಡಿವೈ ಬೈ ಡಿಎಕ್ಸ್ ಒಂದೇ ಚಿಹ್ನೆ, ಅದನ್ನು ಭಿನ್ನರಾಶಿಯ ಹಾಗೆ ಬಿಡಿಸಬೇಡಿ" ಅಂದಿರುತ್ತಾರೆ. ಮುಂದಿನ ಪೀರಿಯಡ್ಡಿನಲ್ಲಿ ನಾವು ಬಂದು ಡಿಎಕ್ಸ್ ಅನ್ನು ಆ ಕಡೆ ಎತ್ತಿಹಾಕುತ್ತೇವೆ. ಆಮೇಲೆ ಅದೇ ಡಿ ಅಕ್ಷರವನ್ನು ಉಂಗುರದ ತುಂಡಿಗೂ ಬಳಸುತ್ತೇವೆ, ತಾಪದ ಏರಿಕೆಗೂ ಬಳಸುತ್ತೇವೆ, ಅನಿಲಕ್ಕೆ ಕೊಟ್ಟ ಶಾಖಕ್ಕೂ ಬಳಸುತ್ತೇವೆ. ಒಂದು ಮಾತೂ ವಿವರಿಸುವುದಿಲ್ಲ.

ಶುರುವಿಗೆ ಒಂದು ಚೌಕ ಸಾಕು

"ಡಿಎಕ್ಸ್ ಅಂದರೆ ಅತಿ ಅತಿ ಸಣ್ಣದು, ಆದರೆ ಸೊನ್ನೆಯಲ್ಲ" ಅಂತ ಶುರು ಮಾಡಬೇಡಿ. ಆ ಮಾತು ಕೇಳಲು ಗಂಭೀರವಾಗಿದೆ, ಆದರೆ ಅದರಿಂದ ಯಾರಿಗೂ ಒಂದು ಲೆಕ್ಕವೂ ಸುಲಭವಾಗಿಲ್ಲ. ಬದಲಿಗೆ ಕ್ಯಾಲ್ಕುಲೇಟರ್ ತೆಗೆಸಿ.

10 ಸೆಂಟಿಮೀಟರ್ ಬದಿಯ ಚೌಕ. ವಿಸ್ತೀರ್ಣ 100. ಬದಿಯನ್ನು 1 ಸೆಂಟಿಮೀಟರ್ ಹೆಚ್ಚಿಸಿ. ವಿಸ್ತೀರ್ಣ 21 ಜಾಸ್ತಿ ಆಯಿತು. ಇದರಲ್ಲಿ 20 ಬಂದಿದ್ದು ಎರಡು ಉದ್ದನೆಯ ಪಟ್ಟಿಗಳಿಂದ, 1 ಬಂದಿದ್ದು ಮೂಲೆಯ ಪುಟ್ಟ ಚೌಕದಿಂದ. ಈಗ 0.1 ಮಾತ್ರ ಹೆಚ್ಚಿಸಿ. ಪಟ್ಟಿಗಳಿಂದ 2, ಮೂಲೆಯಿಂದ 0.01. ಇನ್ನೂ ಇಳಿದು 0.01 ಹೆಚ್ಚಿಸಿದರೆ ಪಟ್ಟಿಗಳಿಂದ 0.2, ಮೂಲೆಯಿಂದ 0.0001. ಪಟ್ಟಿಯೂ ಸಣ್ಣದಾಗುತ್ತಿದೆ, ಮೂಲೆಯೂ ಸಣ್ಣದಾಗುತ್ತಿದೆ. ಆದರೆ ಮೂಲೆ ಪಟ್ಟಿಯ 20ರಲ್ಲಿ ಒಂದು ಪಾಲು ಇದ್ದದ್ದು 200ರಲ್ಲಿ ಒಂದಾಯಿತು, ಆಮೇಲೆ 2000ದಲ್ಲಿ ಒಂದಾಯಿತು. ಈ ಸಾಲನ್ನು ವಿದ್ಯಾರ್ಥಿಗಳೇ ಬರೆಯಬೇಕು, ನೀವು ಬರೆದುಕೊಟ್ಟರೆ ನಾಟುವುದಿಲ್ಲ.

ಈಗ ಹೇಳಿ: ಪಟ್ಟಿಗಳನ್ನು ಇಟ್ಟುಕೊಂಡು ಮೂಲೆಯನ್ನು ಬಿಟ್ಟಾಗ ಸಿಗುವುದೇ ಡಿಫರೆನ್ಷಿಯಲ್. ಬದಿ ಎಕ್ಸ್, ವಿಸ್ತೀರ್ಣ ಎ ಆದರೆ, ಡಿಎ ಅಂದರೆ 2 ಎಕ್ಸ್ ಡಿಎಕ್ಸ್. ನಿಜವಾದ ಬದಲಾವಣೆಗೆ ಡೆಲ್ಟಾ ಎ ಅನ್ನಿ, ಪಟ್ಟಿಗಳಷ್ಟೇ ಬಂದರೆ ಡಿಎ ಅನ್ನಿ. ಡಿಎಕ್ಸ್ ಎಷ್ಟು ಸಣ್ಣದಿರಬೇಕು ಅಂತ ಯಾರಾದರೂ ಕೇಳಿದರೆ (ಕೇಳಬೇಕು!) ಉತ್ತರ ಇಷ್ಟೇ: ಮೂಲೆಯ ತುಂಡು ನಿಮ್ಮ ಅಳತೆಗೆ ಕಾಣಿಸದಷ್ಟು.

ಆದರೆ ಫಿಸಿಕ್ಸಿನಲ್ಲಿ ಕೆಳಗಡೆಗೂ ಒಂದು ಗಡಿ ಇದೆ, ಅದನ್ನು ಇಲ್ಲೇ ಹೇಳಿಬಿಡಿ. ಗಾಳಿಯ ಸಾಂದ್ರತೆ ಅಂದರೆ ಡಿಎಂ ಬೈ ಡಿವಿ (ರಾಶಿಯ ತುಂಡು ಬೈ ಗಾತ್ರದ ತುಂಡು) ಅಂತ ಬರೆಯುತ್ತೇವೆ. ಒಂದು ಮೈಕ್ರೋಮೀಟರ್ ಬದಿಯ ಘನದಲ್ಲಿ ಮಾಮೂಲಿ ಒತ್ತಡ, ಮಾಮೂಲಿ ತಾಪದಲ್ಲಿ ಸುಮಾರು ಎರಡೂವರೆ ಕೋಟಿ ಅಣುಗಳಿರುತ್ತವೆ. ಅಲ್ಲಿ ಸಾಂದ್ರತೆ ಅನ್ನುವ ಮಾತಿಗೆ ಅರ್ಥ ಇದೆ. ಒಂದು ನ್ಯಾನೋಮೀಟರ್ ಬದಿಯ ಘನ ತೆಗೆದುಕೊಂಡರೆ ಹೆಚ್ಚಿನ ಸಲ ಅದು ಖಾಲಿ, ಅಪರೂಪಕ್ಕೆ ಒಂದು ಅಣು. ಅಲ್ಲಿ ಸಾಂದ್ರತೆ ಹೇಳುವುದೇ ತಮಾಷೆ. ಗಣಿತದ ಡಿವಿ ಸೊನ್ನೆಯ ಕಡೆಗೆ ಓಡುತ್ತಲೇ ಇರಬಹುದು, ನಮ್ಮ ಡಿವಿ ಅಣುಗಳು ಎಣಿಕೆಗೆ ಸಿಗುವ ಮೊದಲೇ ನಿಲ್ಲಬೇಕು.

ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು

ಪಾಠ ನಿಜವಾಗಿ ಗಟ್ಟಿಯಾಗುವುದು ಇಲ್ಲಿ. ಒಂದು ಪೂರ್ತಿ ಪೀರಿಯಡ್ ಇದಕ್ಕೇ ಕೊಡಿ. ಸಿಲಬಸ್ ಮುಗಿಸುವ ಆತುರದಲ್ಲಿ ಇದನ್ನು ಹಾರಿಸಬೇಡಿ.

ಗೋಳವನ್ನು ತೆಳ್ಳಗಿನ ಬಿಲ್ಲೆಗಳಾಗಿ ಕತ್ತರಿಸಿ ಗಾತ್ರ ಕಂಡುಹಿಡಿಯಲು ಹೇಳಿ. ಪ್ರತಿ ಬಿಲ್ಲೆಯ ದಪ್ಪ ಡಿಜೆಡ್. ಬಿಲ್ಲೆಯ ವಿಸ್ತೀರ್ಣವನ್ನು ಡಿಜೆಡ್‌ನಿಂದ ಗುಣಿಸಿ ಕೂಡಿಸಿದರೆ ಪೈ ಆರ್ ಘನದ ಮೂರನೇ ನಾಲ್ಕು ಪಾಲು ಬರುತ್ತದೆ. ಸರಿಯಾದ ಉತ್ತರ. ಈಗ ಅದೇ ಬಿಲ್ಲೆಗಳಿಂದ ಗೋಳದ ಮೇಲ್ಮೈ ವಿಸ್ತೀರ್ಣ ತೆಗೆಯಲು ಹೇಳಿ. ಬಿಲ್ಲೆಯ ಸುತ್ತಳತೆ ಗುಣಿಸು ಡಿಜೆಡ್, ಕೂಡಿಸು. ಬರುವ ಉತ್ತರ ಪೈ ವರ್ಗ ಗುಣಿಸು ಆರ್ ವರ್ಗ, ಅಂದರೆ ಸುಮಾರು 9.87 ಆರ್ ವರ್ಗ. ಬರಬೇಕಾದದ್ದು 4 ಪೈ ಆರ್ ವರ್ಗ, ಸುಮಾರು 12.57. ಒಂದೇ ಬಿಲ್ಲೆ, ಒಂದೇ ಡಿಜೆಡ್. ಗಾತ್ರಕ್ಕೆ ಸರಿ, ಮೇಲ್ಮೈಗೆ ತಪ್ಪು. ಯಾಕೆ?

ಐದು ನಿಮಿಷ ಅವರೇ ಜಗಳ ಆಡಲಿ. ಯಾರೋ ಒಬ್ಬರು "ಅಂಚು ಓರೆಯಾಗಿದೆ" ಅನ್ನುತ್ತಾರೆ. ಸರಿ, ಆದರೆ ಗಾತ್ರದ ಲೆಕ್ಕದಲ್ಲೂ ಅಂಚು ಓರೆಯಾಗೇ ಇತ್ತಲ್ಲ? ಆಗ ತೋರಿಸಿ. ಗಾತ್ರದಲ್ಲಿ ನಾವು ಬಿಟ್ಟದ್ದು ಅಂಚಿನ ಸುತ್ತಲಿನ ಒಂದು ಪುಟ್ಟ ತ್ರಿಕೋನದ ಉಂಗುರ. ಅದರ ಎತ್ತರವೂ ಡಿಜೆಡ್‌ನಷ್ಟು, ಅಗಲವೂ ಡಿಜೆಡ್‌ನ ಲೆಕ್ಕದಲ್ಲೇ. ಚೌಕದ ಮೂಲೆಯ ಜಾತಿಯದು, ಬಿಲ್ಲೆ ತೆಳ್ಳಗಾದಷ್ಟೂ ಕರಗಿಹೋಗುತ್ತದೆ. ಮೇಲ್ಮೈ ಲೆಕ್ಕದಲ್ಲಿ ಬಿಟ್ಟದ್ದು ಬೇರೆ. ಓರೆ ಅಂಚಿನ ಉದ್ದ ಆರ್ ಡಿತೀಟಾ (ತೀಟಾ ಅಂದರೆ ಗೋಳದ ಕೇಂದ್ರದಲ್ಲಿ ಅಳೆದ ಕೋನ), ನೆಟ್ಟಗಿನ ಎತ್ತರ ಡಿಜೆಡ್. ಇವೆರಡರ ವ್ಯತ್ಯಾಸ ಡಿಜೆಡ್‌ನ ಅಳತೆಯದೇ. ಎಷ್ಟೇ ತೆಳ್ಳಗೆ ಕತ್ತರಿಸಿ, ಇಟ್ಟುಕೊಂಡದ್ದಕ್ಕೆ ಹೋಲಿಸಿದರೆ ಬಿಟ್ಟದ್ದು ಒಂಚೂರೂ ಕಡಿಮೆ ಆಗುವುದಿಲ್ಲ.

ಇನ್ನೂ ನಂಬಿಕೆ ಬರದಿದ್ದರೆ ಮೆಟ್ಟಿಲಿನ ಚಿತ್ರ ಬರೆಯಿರಿ. ಒಂದು ಮೀಟರ್ ಬದಿಯ ಚೌಕದ ಕರ್ಣದ ಉದ್ದಕ್ಕೂ ಮೆಟ್ಟಿಲು. ಹತ್ತು ಮೆಟ್ಟಿಲು ಮಾಡಿ, ಸಾವಿರ ಮಾಡಿ, ದೂರದಿಂದ ನೋಡಿದರೆ ಕರ್ಣದ ಹಾಗೇ ಕಾಣುತ್ತದೆ. ಮೆಟ್ಟಿಲಿನ ಕೆಳಗಿನ ವಿಸ್ತೀರ್ಣ ಅರ್ಧ ಚದರ ಮೀಟರಿಗೆ ಹತ್ತಿರ ಹತ್ತಿರ ಬರುತ್ತದೆ. ಆದರೆ ಮೆಟ್ಟಿಲುಗಳ ಮೇಲೆ ದಾರ ಹಾಸಿದರೆ ಉದ್ದ ಯಾವಾಗಲೂ 2 ಮೀಟರ್, ಎಂದೂ 1.414 ಆಗುವುದಿಲ್ಲ. "ಸಣ್ಣದು, ಹಾಗಾಗಿ ಬಿಡಬಹುದು" ಅನ್ನುವ ಮಾತನ್ನು ಇನ್ನು ಮೇಲೆ ಕ್ಲಾಸಿನಲ್ಲಿ ಯಾರೂ ಆಡಬಾರದು. ಯಾವುದಕ್ಕಿಂತ ಸಣ್ಣದು ಅಂತ ಹೇಳಲೇಬೇಕು.

ಒಂದು ಅಕ್ಷರ, ಮೂರು ಕೆಲಸ

ಡಿ ಕಂಡ ಕೂಡಲೇ ಒಂದು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಸಿ: ಇದು ಯಾವುದರ ಬದಲಾವಣೆ?

ಚಲನೆಯ ಲೆಕ್ಕದಲ್ಲಿ ಡಿವಿ ಅಂದರೆ ವೇಗದ ಬದಲಾವಣೆ, ಶಾಖದ ಲೆಕ್ಕದಲ್ಲಿ ಡಿಟಿ ಅಂದರೆ ತಾಪದ ಬದಲಾವಣೆ. ಮೊದಲಿದ್ದದ್ದು, ಆಮೇಲಿದ್ದದ್ದು, ಕಳೆದರೆ ಸಿಕ್ಕಿತು. ಇದು ಸುಲಭ. ತಟ್ಟೆಯ ಜಡತ್ವದ (ಮೊಮೆಂಟ್ ಆಫ್ ಇನರ್ಷಿಯಾ) ಲೆಕ್ಕದಲ್ಲಿ ಬರುವ ಡಿಎಂ ಹಾಗಲ್ಲ. ಅಲ್ಲಿ ಏನೂ ಬದಲಾಗುತ್ತಿಲ್ಲ, ತಟ್ಟೆ ತಟ್ಟೆಯಾಗೇ ಇದೆ. ಡಿಎಂ ಅಲ್ಲಿ ಒಂದು ತುಂಡು, ಆರ್ ದೂರದಲ್ಲಿರುವ ಉಂಗುರದ ರಾಶಿ. ಇನ್ನು ಅನಿಲಕ್ಕೆ ಕೊಟ್ಟ ಡಿಕ್ಯೂ ಇದೆಯಲ್ಲ, ಅದು ಬದಲಾವಣೆಯೂ ಅಲ್ಲ, ವಸ್ತುವಿನ ತುಂಡೂ ಅಲ್ಲ. ಅನಿಲದ ಒಳಗೆ "ಕ್ಯೂ" ಅಂತ ಏನೂ ಕೂತಿಲ್ಲ. ಅದು ಗಡಿ ದಾಟಿ ಬಂದ ಒಂದು ಸಣ್ಣ ಮೊತ್ತ ಅಷ್ಟೇ. ಅದಕ್ಕೇ ಹಲವರು ಅಲ್ಲಿ ಡಿ ಬದಲು ಸಣ್ಣ ಡೆಲ್ಟಾ ಅಕ್ಷರ (δ) ಬರೆಯುತ್ತಾರೆ, ಇನ್ನು ಕೆಲವರು ಡಿ ಮೇಲೆ ಅಡ್ಡಗೆರೆ ಎಳೆಯುತ್ತಾರೆ. ನೀವೂ ಯಾವುದಾದರೂ ಒಂದನ್ನು ಹಿಡಿದು ವರ್ಷವಿಡೀ ಹಾಗೇ ಬರೆಯಿರಿ.

ಈ ಮೂರನ್ನು ಬೇರೆ ಮಾಡಿದ ಮೇಲೆ ಸ್ಪ್ರಿಂಗ್ ಪ್ರಶ್ನೆಗೆ ವಾಪಸ್ ಬರೋಣ. ಕೆಲಸ ಅಂದರೆ ಬಲ ಗುಣಿಸು ದೂರ ಅನ್ನುವುದು ಬಲ ಬದಲಾಗದೆ ಇದ್ದಾಗ ಮಾತ್ರ ನಿಜ. ಎಳೆದಂತೆ ಬಲ ಏರುವ ಸ್ಪ್ರಿಂಗಿಗೆ ಆ ಸೂತ್ರವೇ ಅನ್ವಯಿಸುವುದಿಲ್ಲ, ಅನ್ವಯಿಸದ ಸೂತ್ರಕ್ಕೆ ಪ್ರಾಡಕ್ಟ್ ರೂಲ್ ಹಾಕಿ ಏನು ಪ್ರಯೋಜನ? ನಾವು ಮಾಡುವುದು ಬೇರೆ. ದಾರಿಯನ್ನು ತುಂಡು ಮಾಡುತ್ತೇವೆ. ಪ್ರತಿ ತುಂಡಿನೊಳಗೆ ಬಲ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಆ ತುಂಡಿನ ಮಟ್ಟಿಗೆ ಹಳೆಯ ಸೂತ್ರ ನಡೆಯುತ್ತದೆ. ತುಂಡಿನೊಳಗೆ ಬಲ ಡಿಎಫ್‌ನಷ್ಟು ಏರಿದ್ದರಿಂದ ಆಗುವ ತಪ್ಪು ಡಿಎಫ್ ಗುಣಿಸು ಡಿಎಕ್ಸ್ ಲೆಕ್ಕದ್ದು, ಮತ್ತೆ ಅದೇ ಮೂಲೆಯ ಚೌಕ. ಸಂಖ್ಯೆ ಹಾಕಿ ತೋರಿಸಿ. ಮೀಟರಿಗೆ 100 ನ್ಯೂಟನ್ ಬಿಗಿತದ ಸ್ಪ್ರಿಂಗ್, 0.1 ಮೀಟರ್ ಎಳೆತ. ಕೊನೆಯ ಬಲ 10 ನ್ಯೂಟನ್. ಎಫ್ ಗುಣಿಸು ಎಕ್ಸ್ ಅಂದರೆ 1 ಜೂಲ್, ನಿಜವಾದ ಕೆಲಸ 0.5 ಜೂಲ್. ಎಕ್ಸ್ ಡಿಎಫ್ ಸೇರಿಸಿದವರಿಗೆ ಸರಿಯಾಗಿ ಎರಡು ಪಟ್ಟು ಬಂದಿರುತ್ತದೆ.

ಹಾಗಾದರೆ ಪ್ರಾಡಕ್ಟ್ ರೂಲ್ ಯಾವಾಗ? ಸೂತ್ರ ಪ್ರತಿ ಕ್ಷಣವೂ ನಿಜವಾಗಿದ್ದಾಗ. ಸಂವೇಗ ಯಾವಾಗಲೂ ರಾಶಿ ಗುಣಿಸು ವೇಗ, ಹಾಗಾಗಿ ಎಂ ಡಿವಿ ಜೊತೆಗೆ ವಿ ಡಿಎಂ ಬರುತ್ತದೆ. ಆದರ್ಶ ಅನಿಲದ ಸಮೀಕರಣ ಸಮತೋಲದ ಪ್ರತಿ ಸ್ಥಿತಿಯಲ್ಲೂ ನಿಜ, ಹಾಗಾಗಿ ಪಿ ಡಿವಿ ಜೊತೆಗೆ ವಿ ಡಿಪಿ ಬರುತ್ತದೆ. ವಿದ್ಯುದಂಶ ಅಂದರೆ ಕರೆಂಟ್ ಗುಣಿಸು ಕಾಲ ಅನ್ನುವುದು ಕರೆಂಟ್ ಒಂದೇ ಸಮ ಇದ್ದಾಗ ಮಾತ್ರ ನಿಜ, ಹಾಗಾಗಿ ಡಿಕ್ಯೂ ಅಂದರೆ ಐ ಡಿಟಿ ಅಷ್ಟೇ. ಇಂಥ ಎಂಟು ಹತ್ತು ಸೂತ್ರ ಕೊಟ್ಟು "ಯಾವಾಗಲೂ ನಿಜವೋ, ಸಮವಾಗಿದ್ದಾಗ ಮಾತ್ರವೋ" ಅಂತ ವಿಂಗಡಿಸಲು ಹೇಳಿ. ನನ್ನ ಅನುಭವದಲ್ಲಿ ಇಡೀ ಪಾಠದಲ್ಲಿ ಅತಿ ಜಾಸ್ತಿ ಉಪಯೋಗಕ್ಕೆ ಬರುವ ಅಭ್ಯಾಸ ಇದೇ.

ನಡುವೆ ಒಂದು ಮಾತು. ಇದೆಲ್ಲ ಕಿರಿಕಿರಿ ಅನಿಸುವ ವಿದ್ಯಾರ್ಥಿಗೆ ಧೈರ್ಯ ಹೇಳಿ. ಲೈಬ್ನಿಟ್ಸ್ ಈ ಡಿ ಚಿಹ್ನೆಯನ್ನು ತಮ್ಮ ಟಿಪ್ಪಣಿಗಳಲ್ಲಿ ಬರೆದದ್ದು 1675ರಲ್ಲಿ, ಅಚ್ಚಾದದ್ದು 1684ರಲ್ಲಿ. 1734ರಲ್ಲಿ ಬರ್ಕ್ಲಿ ಅನ್ನುವ ಪಾದ್ರಿ, ಒಮ್ಮೆ ಇದೆ ಅನ್ನುತ್ತೀರಿ, ಒಮ್ಮೆ ಇಲ್ಲ ಅನ್ನುತ್ತೀರಿ, ಇದೆಂಥ ಲೆಕ್ಕ ಅಂತ ಹಂಗಿಸಿದರು. ಅವರ ಆಕ್ಷೇಪದಲ್ಲಿ ಹುರುಳಿತ್ತು. ಕೋಶಿ 1820ರ ದಶಕದಲ್ಲಿ ಲಿಮಿಟ್ ಮೂಲಕ ಇದಕ್ಕೆ ಬುನಾದಿ ಹಾಕಿದರು. ಅತಿಸಣ್ಣ ಸಂಖ್ಯೆಗಳನ್ನೇ ನೇರವಾಗಿ, ತಪ್ಪಿಲ್ಲದಂತೆ ಬಳಸಬಹುದು ಅಂತ ಅಬ್ರಹಾಂ ರಾಬಿನ್ಸನ್ ತೋರಿಸಿದ್ದು 1960ರ ದಶಕದಲ್ಲಿ. ಇಷ್ಟು ವರ್ಷ ದೊಡ್ಡವರಿಗೇ ತಲೆನೋವಾದದ್ದು ಮೊದಲ ದಿನವೇ ನಿಮಗೆ ಅರ್ಥವಾಗಲಿಲ್ಲ ಅಂದರೆ ನಾಚಿಕೆ ಏನೂ ಇಲ್ಲ. (ಕ್ಲಾಸಿನಲ್ಲಿ ರಾಬಿನ್ಸನ್ ವಿಧಾನ ಹೇಳಿಕೊಡಲು ಹೋಗಬೇಡಿ. ನಾನು ಒಮ್ಮೆ ಹೋಗಿ ಒಂದು ವಾರ ಕಳೆದುಕೊಂಡೆ.)

ಮೈನಸ್ ಚಿಹ್ನೆಯ ಕಾಟ

ಉತ್ತರ ಪತ್ರಿಕೆಗಳಲ್ಲಿ ನಾನು ಕಂಡ ಡಿಫರೆನ್ಷಿಯಲ್ ತಪ್ಪುಗಳಲ್ಲಿ ಹೆಚ್ಚಿನವು ಚಿಹ್ನೆಯವು. ರಾಕೆಟ್ ಲೆಕ್ಕ ನೋಡಿ. ಡಿಎಂ ಅಂದರೆ ರಾಕೆಟ್ಟಿನ ರಾಶಿಯ ಬದಲಾವಣೆಯೇ, ಹೊರಬಿದ್ದ ಅನಿಲದ ರಾಶಿಯೇ? ಮೊದಲನೆಯದಾದರೆ ಅದು ಋಣ, ಎರಡನೆಯದಾದರೆ ಧನ. ಎರಡೂ ಸರಿ. ಮೊದಲ ಸಾಲಿನಲ್ಲಿ ಒಂದು, ಮೂರನೇ ಸಾಲಿನಲ್ಲಿ ಇನ್ನೊಂದು ಅಂತ ಬದಲಾಯಿಸಿದರೆ ಮಾತ್ರ ರಾಕೆಟ್ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಲೆಕ್ಕದ ಮೊದಲ ಸಾಲಿನಲ್ಲೇ ಕನ್ನಡದಲ್ಲಿ ಒಂದು ವಾಕ್ಯ ಬರೆಸಿ: "ಡಿಎಂ ಅಂದರೆ ರಾಕೆಟ್ಟಿನ ರಾಶಿಯ ಬದಲಾವಣೆ." ಬರೆಯದವರಿಗೆ ಅರ್ಧ ಅಂಕ ಕಡಿಮೆ. ಕಟುಕ ಅನ್ನಲಿ, ಪರವಾಗಿಲ್ಲ.

ಇನ್ನೊಂದು ಬಲೆ ಇದಕ್ಕಿಂತ ನಾಜೂಕು. ಅನಂತ ದೂರದಿಂದ ಗ್ರಹದ ಕಡೆಗೆ ಬರುವ ಕಲ್ಲಿನ ಮೇಲೆ ಗುರುತ್ವ ಮಾಡುವ ಕೆಲಸ. ಬಲ ಒಳಮುಖ, ಚಲನೆಯೂ ಒಳಮುಖ, ಕೋನ ಸೊನ್ನೆ, ಹಾಗಾಗಿ ಬಲದ ಅಳತೆ ಗುಣಿಸು ಡಿಆರ್ ಅಂತ ಬರೆದು ಅನಂತದಿಂದ ಆರ್ ವರೆಗೆ ಇಂಟಿಗ್ರೇಟ್ ಮಾಡುತ್ತಾರೆ. ಉತ್ತರ ಋಣ ಬರುತ್ತದೆ. ಬರಬೇಕಾದದ್ದು ಧನ. ತಪ್ಪು ಎಲ್ಲಿ? ಕಲ್ಲು ಒಳಗೆ ಬರುವಾಗ ಆರ್ ಕಡಿಮೆ ಆಗುತ್ತಿದೆ, ಅಂದರೆ ಡಿಆರ್ ತಾನಾಗೇ ಋಣ. ಕಲ್ಲು ಸಾಗಿದ ದೂರದ ಅಳತೆ ಡಿಆರ್ ಅಲ್ಲ, ಮೈನಸ್ ಡಿಆರ್. ನಿಯಮ ಹೀಗಿರಲಿ: ದಿಕ್ಕನ್ನು ಅಕ್ಷರೇಖೆಯ ಮೇಲಿನ ಘಟಕದಲ್ಲಿ ಹಾಕಿ, ಹೋಗುವ ದಾರಿಯನ್ನು ಇಂಟಿಗ್ರಲ್‌ನ ಮಿತಿಗಳು ನೋಡಿಕೊಳ್ಳಲಿ, ಡಿಆರ್‌ಗೆ ಕೈಯಾರೆ ಚಿಹ್ನೆ ಅಂಟಿಸಬೇಡಿ. ಬಲದ ಘಟಕ ಮೈನಸ್, ಮಿತಿ ಅನಂತದಿಂದ ಆರ್, ಉತ್ತರ ತಾನಾಗೇ ಧನ.

ದಾರಿ ನೆನಪಿಡುವವು, ಮರೆಯುವವು

ಡಿಕ್ಯೂ, ಡಿಡಬ್ಲ್ಯೂ ಬೇರೆ ಜಾತಿ ಅಂತ ಹೇಳಿದರೆ ಸಾಲದು, ತೋರಿಸಬೇಕು. ಅನಿಲ 1 ಲೀಟರ್, 2 ಲಕ್ಷ ಪಾಸ್ಕಲ್ ಇದ್ದದ್ದು 2 ಲೀಟರ್, 1 ಲಕ್ಷ ಪಾಸ್ಕಲ್ ಆಗಬೇಕು. ಮೊದಲು ಹಿಗ್ಗಿ ಆಮೇಲೆ ಒತ್ತಡ ಇಳಿದರೆ ಅನಿಲ ಮಾಡಿದ ಕೆಲಸ 200 ಜೂಲ್. ಮೊದಲು ಒತ್ತಡ ಇಳಿದು ಆಮೇಲೆ ಹಿಗ್ಗಿದರೆ 100 ಜೂಲ್. ತಾಪ ಬದಲಾಗದಂತೆ ನಿಧಾನವಾಗಿ ಹೋದರೆ ಸುಮಾರು 139. ಹೊರಟ ಜಾಗ ಒಂದೇ, ಸೇರಿದ ಜಾಗ ಒಂದೇ. ಆದರೆ ಪಿ ಗುಣಿಸು ವಿ ಮೂರೂ ದಾರಿಯಲ್ಲಿ 200ರಿಂದ ಹೊರಟು 200ಕ್ಕೇ ಬಂದು ನಿಂತಿದೆ. ಬ್ಯಾಲೆನ್ಸ್ ಬೇರೆ, ಜಮಾ ಖರ್ಚು ಬೇರೆ ಅಂದರೆ ತಟ್ಟನೆ ಹೊಳೆಯುತ್ತದೆ. ಇಷ್ಟು ಆದ ಮೇಲೆ ಅಡ್ಡ ಪಾರ್ಷಿಯಲ್ ಡೆರಿವೇಟಿವ್‌ಗಳು ಸಮವೇ ಅನ್ನುವ ಪರೀಕ್ಷೆ ಹೇಳಿ, ಮೊದಲಲ್ಲ.

ಚರಗಳನ್ನು ಬೇರ್ಪಡಿಸುವ ವಿಧಾನಕ್ಕೆ ಜಾಸ್ತಿ ಹೊತ್ತು ಬೇಡ. ವೇಗ ಇಳಿಯುವ ಲೆಕ್ಕವಾದರೆ ಡಿವಿ ಬೈ ವಿ ಒಂದು ಕಡೆ, ಮೈನಸ್ ಕೆ ಡಿಟಿ ಇನ್ನೊಂದು ಕಡೆ. ಹಿಂದೆ ನಿಂತಿರುವುದು ಚೈನ್ ರೂಲ್, ಅದನ್ನು ಒಮ್ಮೆ ಬಿಡಿಸಿ ತೋರಿಸಿ ಮುಂದೆ ಹೋಗಿ. ಎರಡೂ ಕಡೆ ಯೂನಿಟ್ ಹೊಂದುತ್ತದೆಯಾ ಅಂತ ನೋಡಿಸಿ, ಡಿವಿಗೂ ವಿಯ ಯೂನಿಟ್ಟೇ ಇರುತ್ತದೆ ಅನ್ನುವುದು ಬಹಳ ಜನಕ್ಕೆ ಹೊಸ ಸುದ್ದಿ.

ಲ್ಯಾಬ್‌ನಲ್ಲಿ ಮಾತ್ರ ಡಿಫರೆನ್ಷಿಯಲ್ ಕೈಗೆ ಸಿಗುವ ವಸ್ತು. ಲೋಲಕದಿಂದ ಜಿ (ಗುರುತ್ವ ವೇಗೋತ್ಕರ್ಷ) ಕಂಡುಹಿಡಿಯುವಾಗ, ಜಿಯ ಶೇಕಡಾ ತಪ್ಪು ಅಂದರೆ ಉದ್ದದ ಶೇಕಡಾ ತಪ್ಪು ಜೊತೆಗೆ ಕಾಲದ ಶೇಕಡಾ ತಪ್ಪಿನ ಎರಡರಷ್ಟು. ಇಲ್ಲಿ ಕಾಲದ ಪದಕ್ಕೆ ಬರುವ ಮೈನಸ್ ಬಿಟ್ಟು ಕೂಡಿಸುತ್ತೇವೆ, ಯಾಕೆಂದರೆ ತಪ್ಪು ಯಾವ ಕಡೆಗಿದೆ ಅಂತ ಗೊತ್ತಿಲ್ಲ, ಕೆಟ್ಟದ್ದನ್ನೇ ಊಹಿಸಬೇಕು. ಒಂದು ಮೀಟರ್ ಉದ್ದದಲ್ಲಿ ಒಂದು ಮಿಲಿಮೀಟರ್ ತಪ್ಪಾದರೆ ಶೇ 0.1. ಒಂದೇ ತೂಗಾಟ ಅಳೆದರೆ 2 ಸೆಕೆಂಡಿನಲ್ಲಿ ಕೈ ತಡವಾಗಿದ್ದು 0.2 ಸೆಕೆಂಡ್ ಅಂತಿಟ್ಟುಕೊಳ್ಳಿ, ಶೇ 10, ಜಿಯಲ್ಲಿ ಶೇ 20. ಇಪ್ಪತ್ತು ತೂಗಾಟ ಅಳೆದರೆ ಜಿಯಲ್ಲಿ ಶೇ 1. ಸ್ಕೇಲನ್ನು ಕಣ್ಣಿಗೆ ಒತ್ತಿಕೊಂಡು ಕೂತಿರುವ ಹುಡುಗಿಗೆ "ಸ್ಕೇಲ್ ಬಿಡಮ್ಮ, ಇನ್ನಷ್ಟು ತೂಗಾಟ ಎಣಿಸು" ಅಂತ ಯಾಕೆ ಹೇಳುತ್ತೇವೆ ಅನ್ನುವುದು ಈ ಒಂದು ಸಾಲಿನಲ್ಲಿದೆ.

ಕೊನೆಗೆ ಕೊಡಲು ಒಂದು ಲೆಕ್ಕ. 10 ಕೆಜಿ ತೂಗುವ ನೀರಿನ ಬಕೆಟ್ಟನ್ನು 10 ಮೀಟರ್ ಎತ್ತರಕ್ಕೆ ನಿಧಾನವಾಗಿ ಎಳೆಯುತ್ತಿದ್ದೀರಿ. ಬಕೆಟ್ ತೂತು, ಒಂದೇ ಸಮನೆ ಸೋರಿ ಮೇಲೆ ಮುಟ್ಟುವಾಗ 6 ಕೆಜಿ ಉಳಿದಿದೆ. ಎಷ್ಟು ಕೆಲಸ? ಜಿ 9.8 ಇಟ್ಟುಕೊಳ್ಳಿ. ಎಂ ಜಿ ಡಿಎಚ್ ಕೂಡಿಸಿದವರಿಗೆ 784 ಜೂಲ್ ಬರುತ್ತದೆ. ಎಂಜಿಎಚ್‌ಗೆ ಪ್ರಾಡಕ್ಟ್ ರೂಲ್ ಹಾಕಿದವರಿಗೆ 588. ಸರಿ ಯಾವುದು ಅಂತ ಈಗ ಯಾರಾದರೂ ಹೇಳುತ್ತಾರೆ, ಅಲ್ಲಿಗೆ ನಿಲ್ಲಿಸಬೇಡಿ. ನಡುವಿನ 196 ಜೂಲ್ ಎಲ್ಲಿ ಹೋಯಿತು ಅಂತ ಕೇಳಿ. ಅದು ಜಿ ಎಚ್ ಡಿಎಂ ಅನ್ನುವ ಪದ, ಪ್ರಾಡಕ್ಟ್ ರೂಲ್‌ನ ಎರಡನೇ ತುಂಡು. 588 ಅಂದರೆ ಮೇಲೆ ಉಳಿದ ನೀರಿನ ಶಕ್ತಿ. 196 ಅಂದರೆ ನಾವು ಅಲ್ಲಲ್ಲಿವರೆಗೆ ಎತ್ತಿ, ಅಲ್ಲಲ್ಲೇ ಸೋರಿಹೋದ ನೀರಿಗೆ ಕೊಟ್ಟ ಶಕ್ತಿ. ಮೊದಲ ದಿನ "ಎಕ್ಸ್ ಡಿಎಫ್ ಎಲ್ಲಿ ಹೋಯಿತು ಸಾರ್" ಅಂದವರನ್ನೇ ಬೋರ್ಡಿಗೆ ಕರೆದು ಇದನ್ನು ವಿವರಿಸಲು ಹೇಳಿ.